ನಿಂತ ನೆಲ, ಕಂಡ ನಾಳೆ



ದತ್ತಿ ಇಡುವವರಿಗೆ ನಾಳೆಯ ಮೇಲೆ ನಂಬಿಕೆ ಇರುತ್ತದೆ. ಮೂಲಧನವನ್ನು ಮುಟ್ಟದೆ, ಅದರ ಬಡ್ಡಿಯಿಂದ, ತಾವು ಕಾಣದ ವರ್ಷಗಳಲ್ಲೂ ಜನ ಒಂದೆಡೆ ಸೇರಿ ವಿಚಾರ ಮಾಡಲಿ ಎಂದು ಅವರು ಬಯಸುತ್ತಾರೆ. ಅಂಥವರ ಹೆಸರಿನ ವೇದಿಕೆಯಲ್ಲಿ ನಾಳೆಯನ್ನೇ ವಿಷಯವಾಗಿ ಎತ್ತಿಕೊಳ್ಳುವುದು ಸರಿಯೆನಿಸಿತು.

ಮನುಷ್ಯಕುಲ ಮುಂದೆ ಏನಾಗುತ್ತದೆ, ಈ ಭೂಮಿ ಏನಾಗುತ್ತದೆ ಎಂಬ ಪ್ರಶ್ನೆಗೆ ವಿಜ್ಞಾನಿಗಳು ಉತ್ತರ ಕೊಡುತ್ತಾರೆ, ಅರ್ಥಶಾಸ್ತ್ರಜ್ಞರು ಕೊಡುತ್ತಾರೆ, ಸರ್ಕಾರಗಳು ಕೊಡುತ್ತವೆ, ನಮ್ಮ ಮನೆಯ ಜಗಲಿಯ ಮೇಲೆ ಕುಳಿತ ಹಿರಿಯರೂ ಕೊಡುತ್ತಾರೆ. ಒಬ್ಬರಿಗೆ ಮುಂದೆ ಪ್ರಳಯ ಕಾಣುತ್ತದೆ, ಇನ್ನೊಬ್ಬರಿಗೆ ಸಮೃದ್ಧಿ. ಇಬ್ಬರ ಕೈಯಲ್ಲೂ ಅಂಕಿಅಂಶಗಳಿರುತ್ತವೆ. ಇಬ್ಬರೂ ಓದಿದವರೇ, ಪ್ರಾಮಾಣಿಕರೇ. ಹಾಗಾದರೆ ಇಷ್ಟು ದೊಡ್ಡ ಅಂತರ ಎಲ್ಲಿಂದ ಬಂತು?

ನಾನು ಇಂದು ಹೇಳಬೇಕೆಂದಿರುವುದು ಇಷ್ಟು. ನಾಳೆಯನ್ನು ಕುರಿತು ಮಾತನಾಡುವ ಪ್ರತಿಯೊಬ್ಬರೂ ಯಾವುದೋ ಒಂದು ನೆಲದ ಮೇಲೆ ನಿಂತು ಮಾತನಾಡುತ್ತಾರೆ. ಆ ನೆಲ ಯಾವುದೆಂದು ಕೇಳದೆ ಅವರ ಲೆಕ್ಕವನ್ನು ನಂಬಬಾರದು. ಹಾಗೆಯೇ, ನೆಲ ಯಾವುದೆಂದು ಗೊತ್ತಾದ ಮಾತ್ರಕ್ಕೆ ಅವರ ಲೆಕ್ಕವನ್ನು ತಳ್ಳಿಹಾಕಲೂಬಾರದು. ಮೊದಲನೆಯ ಮಾತನ್ನು ಈಗ ಎಲ್ಲರೂ ಆಡುತ್ತಾರೆ. ಎರಡನೆಯದು ಮರೆತುಹೋಗುತ್ತಿದೆ. ನನಗೆ ಎರಡೂ ಒಟ್ಟಿಗೆ ಬೇಕು. ಏಕೆ ಬೇಕು ಎಂಬುದನ್ನು ಕೆಲವು ನಿಜವಾದ ಪ್ರಸಂಗಗಳ ಮೂಲಕ ತಮ್ಮ ಮುಂದಿಡುತ್ತೇನೆ.

ದೆಹಲಿಯ ಟ್ಯಾಕ್ಸಿ, ಬೆಂಗಳೂರಿನ ತರಗತಿ

ಪಾಲ್ ಎರ್ಲಿಕ್ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೀವವಿಜ್ಞಾನಿ, ಚಿಟ್ಟೆಗಳ ತಜ್ಞ. 1966ರಲ್ಲಿ ಹೆಂಡತಿ ಮತ್ತು ಮಗಳೊಂದಿಗೆ ಭಾರತಕ್ಕೆ ಬಂದಿದ್ದರು. ಒಂದು ರಾತ್ರಿ ದೆಹಲಿಯಲ್ಲಿ ಹಳೆಯ ಟ್ಯಾಕ್ಸಿಯೊಂದರಲ್ಲಿ ಹೋಟೆಲಿಗೆ ಮರಳುತ್ತಿದ್ದಾಗ ಅವರ ಗಾಡಿ ಬಡವರ ಬಡಾವಣೆಯೊಂದರ ನಡುವೆ ಹಾದುಹೋಯಿತು. ಧಗೆ, ಧೂಳು, ಹೊಗೆ. ಬೀದಿಯಲ್ಲೇ ಉಣ್ಣುವವರು, ಬೀದಿಯಲ್ಲೇ ಮಲಗುವವರು, ಕಿಟಕಿಗೆ ಕೈಯೊಡ್ಡುವವರು. ಜನಸಂಖ್ಯಾ ಸ್ಫೋಟ ಎಂಬುದು ಅದುವರೆಗೆ ತಮಗೆ ಬುದ್ಧಿಗೆ ಮಾತ್ರ ತಿಳಿದಿತ್ತು, ಆ ರಾತ್ರಿ ಅದು ಮನಸ್ಸಿಗೆ ತಟ್ಟಿತು ಎಂದು ಅವರು ಬರೆದುಕೊಂಡರು. ಆ ಪ್ರಸಂಗದಿಂದಲೇ ಆರಂಭವಾಗುವ ಅವರ ‘ದಿ ಪಾಪ್ಯುಲೇಷನ್ ಬಾಂಬ್’ 1968ರಲ್ಲಿ ಹೊರಬಂತು. 1970ರ ದಶಕದಲ್ಲಿ ಕೋಟಿಗಟ್ಟಲೆ ಜನ ಹಸಿವಿನಿಂದ ಸಾಯುತ್ತಾರೆ, ಅದನ್ನು ತಪ್ಪಿಸುವ ಕಾಲ ಮುಗಿದುಹೋಗಿದೆ ಎಂಬುದು ಅದರ ಸಾರ. ಪುಸ್ತಕದ ಲಕ್ಷಾಂತರ ಪ್ರತಿಗಳು ಮಾರಾಟವಾದವು.

ಇನ್ನೊಬ್ಬ ವಿದೇಶಿಯ ಕಥೆ ಕೇಳಿ. ಸ್ವೀಡನ್ನಿನ ಹಾನ್ಸ್ ರೋಸ್ಲಿಂಗ್ 1972ರಲ್ಲಿ ವೈದ್ಯ ವಿದ್ಯಾರ್ಥಿಯಾಗಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿಗೆ ಬಂದರು. ತಾನು ಮುಂದುವರಿದ ದೇಶದವನು, ಇಲ್ಲಿನವರಿಗಿಂತ ಸಹಜವಾಗಿಯೇ ಹೆಚ್ಚು ತಿಳಿದವನು ಎಂಬುದು ಅವರ ಎಣಿಕೆ. ಮೊದಲ ತರಗತಿಯಲ್ಲಿ ಮೂತ್ರಪಿಂಡದ ಎಕ್ಸ್‌ರೇ ಒಂದನ್ನು ತೋರಿಸಿದರು. ಇದು ಕ್ಯಾನ್ಸರ್ ಇರಬೇಕು ಎಂದು ಅವರು ಮನಸ್ಸಿನಲ್ಲೇ ಅಂದುಕೊಳ್ಳುತ್ತಿರುವಾಗ ಸುತ್ತಲಿನ ವಿದ್ಯಾರ್ಥಿಗಳು ಕೈಯೆತ್ತಿ ಒಬ್ಬರ ಹಿಂದೊಬ್ಬರು ರೋಗ ಹೇಗೆ ಹರಡುತ್ತದೆ, ಚಿಕಿತ್ಸೆ ಏನು ಎಂದು ವಿವರಿಸತೊಡಗಿದರು. ತಪ್ಪಿ ತಜ್ಞರ ಕೋಣೆಗೆ ಬಂದೆನೇನೋ ಎಂದು ವಿಚಾರಿಸಿದರೆ, ಅವರೆಲ್ಲ ನಾಲ್ಕನೇ ವರ್ಷದ ವಿದ್ಯಾರ್ಥಿಗಳು! ಪಶ್ಚಿಮವೇ ಎಂದೆಂದಿಗೂ ಮುಂದಿರುತ್ತದೆ ಎಂಬ ತಮ್ಮ ನಂಬಿಕೆ ಅಂದು ಮುರಿಯಿತು ಎಂದು ರೋಸ್ಲಿಂಗ್ ಕೊನೆಯವರೆಗೂ ಹೇಳುತ್ತಿದ್ದರು. ಅವರು ತೀರಿಕೊಂಡ ಮರುವರ್ಷ, 2018ರಲ್ಲಿ, ಪ್ರಕಟವಾದ ‘ಫ್ಯಾಕ್ಟ್‌ಫುಲ್‌ನೆಸ್’ ಪುಸ್ತಕದಲ್ಲೂ ಅದು ದಾಖಲಾಗಿದೆ. ಜಗತ್ತು ನಾವು ಅಂದುಕೊಂಡದ್ದಕ್ಕಿಂತ ಬಹಳ ಸುಧಾರಿಸಿದೆ ಎಂಬುದು ಆ ಪುಸ್ತಕದ ವಾದ.

ಆರು ವರ್ಷಗಳ ಅಂತರದಲ್ಲಿ ಇಬ್ಬರು ಒಂದೇ ದೇಶಕ್ಕೆ ಬಂದರು. ಒಬ್ಬರಿಗೆ ಸಿಕ್ಕಿದ್ದು ಟ್ಯಾಕ್ಸಿಯ ಕಿಟಕಿ, ಇನ್ನೊಬ್ಬರಿಗೆ ಸಿಕ್ಕಿದ್ದು ತರಗತಿಯ ಬೆಂಚು. ಒಬ್ಬರು ಜನರನ್ನು ಗುಂಪಾಗಿ ಕಂಡರು, ಇನ್ನೊಬ್ಬರು ಸಹಪಾಠಿಗಳಾಗಿ ಕಂಡರು. ಒಬ್ಬರು ಭಯ ಹೊತ್ತು ಮರಳಿದರು, ಇನ್ನೊಬ್ಬರು ಬೆರಗು ಹೊತ್ತು ಮರಳಿದರು. ಇಬ್ಬರೂ ತಾವು ಕಂಡದ್ದರ ಆಧಾರದ ಮೇಲೆ ಇಡೀ ಮನುಷ್ಯಕುಲದ ನಾಳೆಯನ್ನು ಕಟ್ಟಿದರು.

ಎರ್ಲಿಕ್ ಕಂಡದ್ದು ಸುಳ್ಳಲ್ಲ. ಆದರೆ ಕಂಡದ್ದಕ್ಕೆ ಅವರು ಕೊಟ್ಟ ಕಾರಣವನ್ನು ಪರೀಕ್ಷಿಸಬೇಕು. 1966ರಲ್ಲಿ ದೆಹಲಿಯ ಜನಸಂಖ್ಯೆ 30 ಲಕ್ಷದ ಆಸುಪಾಸಿನಲ್ಲಿತ್ತು. ಅದೇ ಹೊತ್ತಿಗೆ ಪ್ಯಾರಿಸ್ ಮಹಾನಗರದಲ್ಲಿ ಸುಮಾರು 80 ಲಕ್ಷ ಜನರಿದ್ದರು. ಅಮೆರಿಕದ ಪತ್ರಕರ್ತ ಚಾರ್ಲ್ಸ್ ಮ್ಯಾನ್ ಈ ಹೋಲಿಕೆಯನ್ನು ಎತ್ತಿ ತೋರಿಸಿದ್ದಾರೆ. ಪ್ಯಾರಿಸ್ಸಿನ ಬೀದಿಯಲ್ಲಿ ನಿಂತು ಯಾರೂ ಜಗತ್ತಿನ ಅಂತ್ಯವನ್ನು ಕಾಣಲಿಲ್ಲ. ಏಕೆಂದರೆ ಅಲ್ಲಿ ಬಹುಪಾಲು ಜನರಿಗೆ ಮನೆಯಿತ್ತು, ನಲ್ಲಿಯಿತ್ತು, ಚರಂಡಿಯಿತ್ತು. ದೆಹಲಿಯ ಬೀದಿಯಲ್ಲಿ ಮಲಗಿದವರಲ್ಲಿ ಅನೇಕರು ಹಳ್ಳಿಯಲ್ಲಿ ಕೂಲಿ ಸಿಗದೆ ಬಂದವರು. ಎರ್ಲಿಕ್ ನೋಡಿದ್ದು ಬಡತನವನ್ನು, ಎಣಿಸಿದ್ದು ತಲೆಗಳನ್ನು.

ಹಾಗೆಂದು ರೋಸ್ಲಿಂಗ್ ಅವರ ಬೆಂಚು ಇಡೀ ಭಾರತವನ್ನು ತೋರಿಸುತ್ತಿತ್ತು ಎನ್ನಲಾಗದು. ಆ ತರಗತಿಗೆ ಬಂದವರು ಸಾವಿರಾರು ಮಂದಿಯಲ್ಲಿ ಆಯ್ದು ಬಂದವರು. ರೋಸ್ಲಿಂಗ್ ಆ ಎಕ್ಸ್‌ರೇ ನೋಡುತ್ತಿದ್ದ 1972ರಲ್ಲೇ ಪಕ್ಕದ ಮಹಾರಾಷ್ಟ್ರದಲ್ಲಿ ಭೀಕರ ಬರ ಬಿದ್ದು ಲಕ್ಷಾಂತರ ಜನ ಬರಗಾಲದ ಕಾಮಗಾರಿಗಳಲ್ಲಿ ಕಲ್ಲು ಒಡೆಯುತ್ತಿದ್ದರು. ಆಶೆಯ ಕಿಟಕಿಯೂ ಕಿಟಕಿಯೇ, ಅದಕ್ಕೂ ಚೌಕಟ್ಟಿದೆ.

ಐದು ಲೋಹಗಳ ಪಂದ್ಯ

ಕಾಣ್ಕೆಯ ಈ ವ್ಯತ್ಯಾಸ ಒಮ್ಮೆ ನೇರವಾಗಿ ಪಂದ್ಯಕ್ಕೇ ಇಳಿಯಿತು. ಎರ್ಲಿಕ್ ಅವರ ಎದುರಾಳಿ ಜೂಲಿಯನ್ ಸೈಮನ್. ಇಬ್ಬರೂ ಹುಟ್ಟಿದ್ದು 1932ರಲ್ಲೇ. ಸೈಮನ್ ಅರ್ಥಶಾಸ್ತ್ರದ ಪ್ರಾಧ್ಯಾಪಕರು. ಅಂಚೆ ಮೂಲಕ ಸರಕು ಮಾರುವ ವ್ಯಾಪಾರವನ್ನೂ ನಡೆಸಿ, ಅದನ್ನು ಕುರಿತು ಪುಸ್ತಕ ಬರೆದವರು. ಮೊದಮೊದಲು ಅವರೂ ಜನಸಂಖ್ಯೆ ನಿಯಂತ್ರಿಸಲೇಬೇಕು ಎನ್ನುವವರೇ. 1969ರಲ್ಲಿ ಅಂಥದೇ ಒಂದು ಯೋಜನೆಯ ಚರ್ಚೆಗೆಂದು ವಾಷಿಂಗ್ಟನ್ನಿನ ಸರ್ಕಾರಿ ಕಚೇರಿಯೊಂದಕ್ಕೆ ಹೋಗುತ್ತಿದ್ದಾಗ, ಎರಡನೇ ಮಹಾಯುದ್ಧದ ಇವೊ ಜಿಮಾ ದ್ವೀಪದ ಕಾಳಗವನ್ನು ನೆನಪಿಸುವ ಸ್ಮಾರಕದ ಫಲಕ ಅವರ ಕಣ್ಣಿಗೆ ಬಿತ್ತು. ಆ ರಣಭೂಮಿಯಲ್ಲಿ ಯಹೂದಿ ಧರ್ಮಗುರುವೊಬ್ಬರು, ಇಲ್ಲಿ ಹೂತವರಲ್ಲಿ ಎಷ್ಟು ಮಂದಿ ಮಹಾನ್ ಕಲಾವಿದರು, ವಿಜ್ಞಾನಿಗಳು ಆಗಬಹುದಿತ್ತೋ ಎಂಬರ್ಥದ ಮಾತಾಡಿದ್ದು ಅವರಿಗೆ ನೆನಪಾಯಿತು. ಹುಟ್ಟುವ ಮಕ್ಕಳನ್ನು ತಡೆಯಲು ಓಡಾಡುತ್ತಿರುವ ನಾನು ಮಾಡುತ್ತಿರುವುದೇನು ಎಂಬ ಪ್ರಶ್ನೆ ಅವರಲ್ಲಿ ಎದ್ದಿತು. ಸೈಮನ್ ಹಲವು ವರ್ಷ ತೀವ್ರ ಖಿನ್ನತೆಯಿಂದ ಬಳಲಿದ್ದವರು. 1975ರಲ್ಲಿ ಅದರಿಂದ ಹೊರಬಂದರು. ಮನುಷ್ಯನ ಬುದ್ಧಿಯೇ ಕೊನೆಯಿಲ್ಲದ ಸಂಪತ್ತು ಎನ್ನುವ ಅವರ ‘ದಿ ಅಲ್ಟಿಮೇಟ್ ರಿಸೋರ್ಸ್’ 1981ರಲ್ಲಿ ಪ್ರಕಟವಾಯಿತು. ಬೆಳಕು ಕಂಡವರು ಬೆಳಕಿನ ಪರವಾಗಿ ಬರೆದರು.

ಇತ್ತ ಎರ್ಲಿಕ್ ಜೀವನವಿಡೀ ನೋಡಿದ್ದೇನು? ಸ್ಟ್ಯಾನ್‌ಫರ್ಡ್ ಬಳಿಯ ಜ್ಯಾಸ್ಪರ್ ರಿಜ್ ಎಂಬ ಗುಡ್ಡದ ಒಂದು ಜಾತಿಯ ಚಿಟ್ಟೆಗಳನ್ನು. ಮಳೆ ಏರುಪೇರಾದರೆ, ಹುಲ್ಲು ಒಣಗಿದರೆ ಅವುಗಳ ಸಂಖ್ಯೆ ಕುಸಿಯುತ್ತಿತ್ತು. ಕೊನೆಗೆ 1990ರ ದಶಕದ ಅಂತ್ಯಕ್ಕೆ ಆ ಗುಡ್ಡದಿಂದ ಅವು ಕಾಣೆಯೇ ಆದವು. ಮೇವು ಮುಗಿದ ಮೇಲೆ ಚಿಟ್ಟೆಗೆ ಬೇರೆ ದಾರಿಯಿಲ್ಲ. ಅದನ್ನು ದಶಕಗಳ ಕಾಲ ಕಣ್ಣಾರೆ ನೋಡಿದವರಿಗೆ ಮನುಷ್ಯನಿಗೂ ಮಿತಿ ಇದೆ ಎನಿಸುವುದು ಸಹಜ. ವ್ಯಾಪಾರ ಮಾಡಿದವರಿಗೆ ಒಂದು ಸರಕು ತುಟ್ಟಿಯಾದರೆ ಜನ ಇನ್ನೊಂದನ್ನು ಹುಡುಕುತ್ತಾರೆ ಎನಿಸುವುದೂ ಅಷ್ಟೇ ಸಹಜ.

1980ರ ಸೆಪ್ಟೆಂಬರ್ 29ರಿಂದ ಹತ್ತು ವರ್ಷದ ಪಂದ್ಯ. ತಾಮ್ರ, ಕ್ರೋಮಿಯಂ, ನಿಕ್ಕಲ್, ತವರ, ಟಂಗ್‌ಸ್ಟನ್, ಈ ಐದು ಲೋಹಗಳನ್ನು ಎರ್ಲಿಕ್ ಹಾಗೂ ಅವರ ಗೆಳೆಯರಾದ ಜಾನ್ ಹಾರ್ಟ್, ಜಾನ್ ಹೋಲ್ಡ್ರನ್ ಆರಿಸಿದರು. ಒಂದೊಂದಕ್ಕೆ 200 ಡಾಲರಿನಂತೆ ಒಟ್ಟು 1000 ಡಾಲರಿನ ಲೋಹ, ಕಾಗದದ ಮೇಲೆ. ಹಣದುಬ್ಬರ ಕಳೆದ ಮೇಲೆ ಬೆಲೆ ಏರಿದ್ದರೆ ಏರಿದಷ್ಟನ್ನು ಸೈಮನ್ ಕೊಡಬೇಕು, ಇಳಿದಿದ್ದರೆ ಇಳಿದಷ್ಟನ್ನು ಎರ್ಲಿಕ್ ಕೊಡಬೇಕು. ಆ ಹತ್ತು ವರ್ಷದಲ್ಲಿ ಜಗತ್ತಿನ ಜನಸಂಖ್ಯೆ 80 ಕೋಟಿಗೂ ಹೆಚ್ಚು ಬೆಳೆಯಿತು. ಆದರೂ ಲೋಹಗಳ ಬೆಲೆ ಇಳಿಯಿತು. 1990ರ ಅಕ್ಟೋಬರಿನಲ್ಲಿ ಸೈಮನ್ ಮನೆಗೆ 576.07 ಡಾಲರಿನ ಚೆಕ್ ಬಂತು.

ಈ ಕಥೆಯನ್ನು ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಸೈಮನ್ ಗೆದ್ದರು, ಆದ್ದರಿಂದ ಭೂಮಿಗೆ ಅಪಾಯವಿಲ್ಲ ಎಂದು ತೀರ್ಮಾನಿಸುತ್ತಾರೆ. ನಾವು ಇಲ್ಲಿಂದ ಇನ್ನೂ ಸ್ವಲ್ಪ ಮುಂದೆ ಹೋಗಬೇಕು. ಬೆಲೆ ಇಳಿಯಲು ಹೊಸ ತಂತ್ರಜ್ಞಾನ ಒಂದು ಕಾರಣ, ನಿಜ. ತಾಮ್ರದ ತಂತಿಯ ಜಾಗಕ್ಕೆ ಗಾಜಿನ ಎಳೆ ಬರತೊಡಗಿತ್ತು. ಆದರೆ 1980ರ ದಶಕದ ಆರಂಭದ ಆರ್ಥಿಕ ಹಿಂಜರಿತವೂ ಕಾರಣ. 1985ರಲ್ಲಿ ತವರದ ಬೆಲೆಯನ್ನು ಹಿಡಿದು ನಿಲ್ಲಿಸಿದ್ದ ಅಂತರರಾಷ್ಟ್ರೀಯ ಮಂಡಳಿ ಕುಸಿದುಬಿದ್ದದ್ದೂ ಕಾರಣ. ಪಂದ್ಯದ ಆರಂಭದ ವರ್ಷ ಬೇರೆಯಾಗಿದ್ದರೆ ಫಲಿತಾಂಶವೂ ಬೇರೆಯಾಗುವ ಸಾಧ್ಯತೆ ಬಹಳವಿತ್ತು ಎಂದು ನಂತರ ಲೆಕ್ಕ ಹಾಕಿದವರು ತೋರಿಸಿದ್ದಾರೆ.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಆ ಪಂದ್ಯದಲ್ಲಿ ಯಾರೂ ಅಳೆಯದ ಒಂದು ವಸ್ತುವಿತ್ತು, ಗಾಳಿ. ಹವಾಯಿಯ ಮೌನಾ ಲೋವಾ ವೀಕ್ಷಣಾಲಯದಲ್ಲಿ 1958ರಿಂದ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಅಳೆಯುತ್ತ ಬಂದಿದ್ದಾರೆ. 1980ರಲ್ಲಿ ಅದು ಹತ್ತು ಲಕ್ಷ ಭಾಗಕ್ಕೆ ಸುಮಾರು 339 ಭಾಗ ಇತ್ತು. 1990ರಲ್ಲಿ ಸುಮಾರು 354. ಈಗ 420ನ್ನು ದಾಟಿದೆ. ಅಗೆದು ತೆಗೆಯುವ ಲೋಹಕ್ಕೆ ಮಾರುಕಟ್ಟೆಯಿದೆ, ಬೆಲೆಯಿದೆ, ಮಾಲೀಕನಿದ್ದಾನೆ. ಹೊಗೆ ಬಿಡುವ ಆಕಾಶಕ್ಕೆ ಇವಾವುವೂ ಇಲ್ಲ. ಹಾಗಾಗಿ ಲೋಹ ಅಗ್ಗವಾಗುತ್ತಿದ್ದಾಗಲೇ ಭೂಮಿ ಬಿಸಿಯಾಗುತ್ತ ಹೋಯಿತು. 1995ರಲ್ಲಿ ಎರ್ಲಿಕ್ ಮತ್ತು ಹವಾಮಾನ ವಿಜ್ಞಾನಿ ಸ್ಟೀಫನ್ ಷ್ನೈಡರ್ ಹೊಸ ಪಂದ್ಯಕ್ಕೆ ಕರೆದರು. ತಾಪಮಾನ, ಇಂಗಾಲದ ಡೈಆಕ್ಸೈಡ್, ಕಾಡು, ತಲಾ ಕೃಷಿಭೂಮಿ ಹೀಗೆ ಹದಿನೈದು ಅಳತೆಗಳು. ಸೈಮನ್ ಒಪ್ಪಲಿಲ್ಲ. ಮನುಷ್ಯರ ಆಯುಷ್ಯ, ಆರೋಗ್ಯ, ಆದಾಯಗಳನ್ನು ನೇರವಾಗಿ ಅಳೆಯೋಣ ಎಂದರು. ಇಬ್ಬರೂ ನಾಳೆಯನ್ನು ಕುರಿತು ಜಗಳವಾಡುತ್ತಿದ್ದೇವೆ ಎಂದುಕೊಂಡಿದ್ದರು. ಅವರ ಜಗಳವಿದ್ದದ್ದು ನಾಳೆಯಲ್ಲಿ ಯಾವುದನ್ನು ಮುಖ್ಯವೆಂದು ಎಣಿಸಬೇಕು ಎಂಬುದರಲ್ಲಿ.

ಹಳ್ಳಿಯ ಒಳಗಿನಿಂದ

ಇದುವರೆಗೆ ಮಾತನಾಡಿದವರೆಲ್ಲ ಹೊರಗಿನಿಂದ ನೋಡಿದವರು. ಯಾರ ಬಗ್ಗೆ ಈ ಮಾತೆಲ್ಲ ನಡೆಯಿತೋ ಅವರು ಏನು ಮಾಡುತ್ತಿದ್ದರು?

ಎರ್ಲಿಕ್ ಪುಸ್ತಕಕ್ಕೆ ಒಂದು ವರ್ಷ ಮೊದಲು, 1967ರಲ್ಲಿ, ಅಮೆರಿಕದ ಪ್ಯಾಡಕ್ ಸಹೋದರರು ಬರಲಿರುವ ಕ್ಷಾಮವನ್ನು ಕುರಿತು ಬರೆದ ಪುಸ್ತಕದಲ್ಲಿ ಭಾರತವನ್ನು ಉಳಿಸಲಾಗದ ದೇಶಗಳ ಪಟ್ಟಿಗೆ ಸೇರಿಸಿದ್ದರು. ನೆರವು ಕೊಟ್ಟರೂ ವ್ಯರ್ಥ ಎಂಬುದು ಅವರ ತೀರ್ಪು. ಆದರೆ 1966ರಲ್ಲೇ ಸಿ. ಸುಬ್ರಮಣ್ಯಂ ಕೃಷಿ ಸಚಿವರಾಗಿದ್ದಾಗ ಭಾರತ ಮೆಕ್ಸಿಕೋದಿಂದ 18,000 ಟನ್ ಗಿಡ್ಡ ತಳಿಯ ಗೋಧಿ ಬೀಜ ತರಿಸಿತ್ತು. ನಾರ್ಮನ್ ಬೋರ್ಲಾಗ್ ರೂಪಿಸಿದ ತಳಿಗಳನ್ನು ಎಂ.ಎಸ್. ಸ್ವಾಮಿನಾಥನ್ ಮತ್ತು ಸಂಗಡಿಗರು ನಮ್ಮ ನೆಲಕ್ಕೆ ಒಗ್ಗಿಸಿದರು, ಪಂಜಾಬ್ ಹರಿಯಾಣದ ರೈತರು ಬೆಳೆದು ತೋರಿಸಿದರು. 1966–67ರಲ್ಲಿ ಸುಮಾರು 7.4 ಕೋಟಿ ಟನ್ ಇದ್ದ ದೇಶದ ಆಹಾರಧಾನ್ಯ 2022–23ಕ್ಕೆ ಸುಮಾರು 33 ಕೋಟಿ ಟನ್ನಿಗೆ ಬಂತು. ಅದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಪಂಜಾಬಿನಲ್ಲಿ ಇಂಗುವುದಕ್ಕಿಂತ ಹೆಚ್ಚು ನೀರನ್ನು ನೆಲದಿಂದ ಎತ್ತುತ್ತಿದ್ದಾರೆ. ನಮ್ಮ ಕೋಲಾರದಲ್ಲಿ ಕೊಳವೆಬಾವಿ ಸಾವಿರ ಅಡಿ ದಾಟಿದೆ. ಮಿತಿಯ ಬಗ್ಗೆ ಎಚ್ಚರಿಸಿದ ಎರ್ಲಿಕ್ ಕಾಲ ತಪ್ಪಿದರು, ದಾರಿ ತಪ್ಪಿದರು. ಮಿತಿಯೇ ಇಲ್ಲ ಎನ್ನುವಂತೆ ಮಾತ್ರ ನಾವು ಬದುಕಲಾರೆವು.

ಭಯದ ನೋಟ ಅಧಿಕಾರದ ಕೈಗೆ ಸಿಕ್ಕಾಗ ಏನಾಗುತ್ತದೆ ಎಂಬುದನ್ನು ತುರ್ತುಪರಿಸ್ಥಿತಿ ತೋರಿಸಿತು. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಅವುಗಳಲ್ಲಿ ಎಷ್ಟೋ ಬಲವಂತದವು. ಮೇಲಿನಿಂದ ನಿಗದಿಯಾದ ಗುರಿಯನ್ನು ಕೆಳಗಿನವರ ದೇಹದ ಮೇಲೆ ಪೂರೈಸಲಾಯಿತು. ಇದಕ್ಕೆ ಒಂದು ಪುಸ್ತಕವನ್ನು ಹೊಣೆ ಮಾಡುವುದು ಅನ್ಯಾಯ. ಆದರೆ ಜನರೇ ಸಮಸ್ಯೆ ಎಂದು ಜಗತ್ತಿನ ಅನೇಕ ವಿದ್ವಾಂಸರು ಹೇಳುತ್ತಿದ್ದ ಕಾಲ ಅದು ಎಂಬುದನ್ನು ಮರೆಯಲಾಗದು.

ಈ ವಿಷಯದಲ್ಲಿ ನಮ್ಮ ನಾಡಿಗೆ ಬೇರೆಯದೇ ಆದ ಇತಿಹಾಸವಿದೆ. 1930ರಲ್ಲೇ ಮೈಸೂರು ಸಂಸ್ಥಾನದ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್‌ಗಳಿಗೆ ಒಪ್ಪಿಗೆ ಕೊಟ್ಟಿತ್ತು. ಸರ್ಕಾರವೊಂದು ಹೀಗೆ ಮಾಡಿದ ಮೊದಲ ಉದಾಹರಣೆಗಳಲ್ಲಿ ಇದೂ ಒಂದು. 1950ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನ ಪ್ರಯೋಗವೊಂದು ನಮ್ಮ ರಾಮನಗರದಲ್ಲಿ ನಡೆಯಿತು. ತಿಂಗಳ ಯಾವ ದಿನಗಳಲ್ಲಿ ಗರ್ಭ ನಿಲ್ಲುವುದಿಲ್ಲ ಎಂದು ಲೆಕ್ಕವಿಡಲು ಹೆಂಗಸರಿಗೆ ಬಣ್ಣದ ಮಣಿಗಳ ಸರ ಕೊಟ್ಟರು. ಅದು ಫಲಿಸಲಿಲ್ಲ. ಮಣಿಯ ಲೆಕ್ಕ ಸರಿಯಿದ್ದರೂ ಗಂಡ, ಅತ್ತೆ, ಮನೆಯ ಕೆಲಸ, ಇರುವ ಒಂದೇ ಕೋಣೆ, ಇವು ಆ ಲೆಕ್ಕದಲ್ಲಿ ಇರಲಿಲ್ಲ.

ಆಮೇಲೆ ಆಸ್ಟ್ರೇಲಿಯದ ಜಾನ್ ಕಾಲ್ಡ್‌ವೆಲ್, ಪ್ಯಾಟ್ ಕಾಲ್ಡ್‌ವೆಲ್ ದಂಪತಿ ಮತ್ತು ಬೆಂಗಳೂರಿನ ಪಿ.ಎಚ್. ರೆಡ್ಡಿ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಉಳಿದು ಅಧ್ಯಯನ ಮಾಡಿದರು. ಅವರ ಗ್ರಂಥ 1988ರಲ್ಲಿ ಪ್ರಕಟವಾಯಿತು. ಅವರು ಪ್ರಶ್ನಾವಳಿ ತುಂಬಿಸಿಕೊಂಡು ಹೊರಟುಬಿಡಲಿಲ್ಲ, ಮನೆ ಮನೆಗೆ ಮತ್ತೆ ಮತ್ತೆ ಹೋದರು. ಅವರಿಗೆ ಕಂಡದ್ದು ಸ್ಫೋಟವಲ್ಲ, ಆಲೋಚನೆ. ಮಕ್ಕಳನ್ನು ಓದಿಸಬೇಕು, ಓದಿಸಲು ಖರ್ಚಿದೆ, ಹಾಗಾಗಿ ಕಡಿಮೆ ಮಕ್ಕಳು ಸಾಕು ಎಂದು ಜನ ತಾವೇ ನಿರ್ಧರಿಸತೊಡಗಿದ್ದರು. ಹೆಣ್ಣುಮಕ್ಕಳ ಮದುವೆಯ ವಯಸ್ಸು ಏರುತ್ತಿತ್ತು. ಮನೆಯ ತೀರ್ಮಾನಗಳಲ್ಲಿ ಸೊಸೆಯ ಮಾತಿಗೂ ಬೆಲೆ ಬರುತ್ತಿತ್ತು. 1960ರ ದಶಕದಲ್ಲಿ ಭಾರತದ ಹೆಣ್ಣೊಬ್ಬಳು ಸರಾಸರಿ ಆರರ ಆಸುಪಾಸು ಮಕ್ಕಳನ್ನು ಹೆರುತ್ತಿದ್ದಳು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಅದು 2.0. ಕರ್ನಾಟಕದಲ್ಲಿ 1.7. ಟ್ಯಾಕ್ಸಿಯ ಕಿಟಕಿಯಿಂದ ಕಾಣದೇ ಹೋದದ್ದು ಇದೇ, ಆ ಗುಂಪಿನ ಒಳಗೆ ಒಬ್ಬೊಬ್ಬ ತಾಯಿ ಮಾಡುತ್ತಿದ್ದ ಲೆಕ್ಕ.

ನೋಟ ಎಷ್ಟು ಬೇಗ ತಿರುಗುತ್ತದೆ ನೋಡಿ. 2024ರಲ್ಲಿ ದಕ್ಷಿಣದ ಕೆಲವು ಮುಖ್ಯಮಂತ್ರಿಗಳೇ ಹೆಚ್ಚು ಮಕ್ಕಳಾಗಲಿ ಎಂದರು. ಮುದುಕರ ಸಂಖ್ಯೆ ಹೆಚ್ಚುತ್ತಿದೆ, ಜನಸಂಖ್ಯೆಯ ಆಧಾರದ ಮೇಲೆ ಹಂಚಿದರೆ ದಕ್ಷಿಣಕ್ಕೆ ಲೋಕಸಭೆಯ ಸ್ಥಾನಗಳು ಕಡಿಮೆಯಾದಾವು ಎಂಬುದು ಈಗಿನ ಭಯ. ಅಂದೂ ಇಂದೂ ಸಂಖ್ಯೆ ಬೇಕಾಗಿರುವುದು ಬೇರೆ ಯಾರಿಗೋ, ಹೆರಬೇಕಾದವಳು ಮಾತ್ರ ಅವಳೇ.

ಹುಟ್ಟದವರ ಬೆಲೆ

ಇನ್ನೊಂದು ಬಗೆಯ ನೋಟ ಲೆಕ್ಕದ ಸೂತ್ರದೊಳಗೇ ಅಡಗಿರುತ್ತದೆ. 2006ರಲ್ಲಿ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ನಿಕೊಲಸ್ ಸ್ಟರ್ನ್ ಹವಾಮಾನ ಬದಲಾವಣೆಯ ಆರ್ಥಿಕತೆಯನ್ನು ಕುರಿತು ದೊಡ್ಡ ವರದಿ ಕೊಟ್ಟರು. ಕೂಡಲೇ ದೊಡ್ಡ ಹೆಜ್ಜೆ ಇಡಬೇಕು ಎಂದರು. 2018ರಲ್ಲಿ ನೊಬೆಲ್ ಪಡೆದ ಅಮೆರಿಕದ ವಿಲಿಯಂ ನಾರ್ಡ್‌ಹೌಸ್ ನಿಧಾನವಾಗಿ ಹೆಜ್ಜೆ ಹೆಚ್ಚಿಸಿದರೆ ಸಾಕು ಎಂದರು. ವಿಜ್ಞಾನದ ಬಗ್ಗೆ ಇಬ್ಬರಿಗೂ ತಕರಾರಿರಲಿಲ್ಲ. ಅಂತರ ಹೆಚ್ಚಾಗಿ ಬಂದದ್ದು ಒಂದು ದರದಿಂದ: ಮುಂದಿನ ಕಾಲದ ನಷ್ಟವನ್ನು ಇಂದಿನ ಬೆಲೆಗೆ ತರುವಾಗ ವರ್ಷಕ್ಕೆ ಎಷ್ಟು ಕಳೆಯಬೇಕು?

ನೂರು ವರ್ಷದ ನಂತರ 100 ಕೋಟಿ ರೂಪಾಯಿಯ ಹಾನಿಯಾಗುತ್ತದೆ ಎನ್ನಿ. ಸ್ಟರ್ನ್ ಬಳಸಿದ ಶೇ 1.4ರ ದರದಲ್ಲಿ ಅದರ ಇಂದಿನ ಬೆಲೆ ಸುಮಾರು 25 ಕೋಟಿ. ಶೇ 5ರ ದರ ಹಿಡಿದರೆ ಸುಮಾರು 76 ಲಕ್ಷ. ಮೊದಲ ಲೆಕ್ಕದಲ್ಲಿ ಇಂದೇ ತಡೆಗೋಡೆ ಕಟ್ಟಬೇಕು. ಎರಡನೆಯದರಲ್ಲಿ ಬಿಟ್ಟುಬಿಡಬಹುದು. ಮೊಮ್ಮಕ್ಕಳ ಮಕ್ಕಳ ನೋವಿಗೆ ಎಷ್ಟು ಬೆಲೆ ಎಂಬ ಧರ್ಮದ ಪ್ರಶ್ನೆ ಶೇಕಡಾ ದರದ ವೇಷದಲ್ಲಿ ಕುಳಿತಿದೆ. ಕೇಂಬ್ರಿಜ್ಜಿನ ಫ್ರ್ಯಾಂಕ್ ರಾಮ್ಸೆ 1928ರಲ್ಲೇ, ಮುಂದೆ ಬರುವವರ ಸುಖವನ್ನು ಅವರು ಮುಂದೆ ಬರುತ್ತಾರೆಂಬ ಒಂದೇ ಕಾರಣಕ್ಕೆ ಕಡಿಮೆ ಎಣಿಸುವುದು ನೈತಿಕವಾಗಿ ನಿಲ್ಲದ ಮಾತು, ಅದು ಕಲ್ಪನೆಯ ದೌರ್ಬಲ್ಯ ಎಂಬ ಅಭಿಪ್ರಾಯ ಕೊಟ್ಟಿದ್ದರು. ನನ್ನ ಒಲವು ಅವರ ಕಡೆಗೇ.

ಒಂದು ಘಟ್ಟ, ಎರಡು ನಕ್ಷೆ

ಈಗ ನಮ್ಮ ಮನೆಯ ಅಂಗಳಕ್ಕೆ ಬರೋಣ. ಪಶ್ಚಿಮ ಘಟ್ಟದ ನಾಳೆಯನ್ನು ಕುರಿತು ಎರಡು ವರದಿಗಳು ಬಂದವು. 2011ರದು ಮಾಧವ ಗಾಡ್ಗೀಳರ ಸಮಿತಿಯದು. ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನ ಕೇಂದ್ರ ಕಟ್ಟಿದವರು, ಘಟ್ಟದ ಕಾಡು ಹಳ್ಳಿಗಳಲ್ಲಿ ನಡೆದಾಡಿ ಕಲಿತವರು. 2013ರದು ಕೆ. ಕಸ್ತೂರಿರಂಗನ್ ಅವರ ತಂಡದ್ದು. ಅವರು ಇಸ್ರೊ ಅಧ್ಯಕ್ಷರಾಗಿದ್ದವರು. ಒಬ್ಬರು ಕಾಲುದಾರಿಯಿಂದ ನೋಡಿದವರು, ಇನ್ನೊಬ್ಬರು ಉಪಗ್ರಹದಿಂದ.

ಗಾಡ್ಗೀಳರು ಇಡೀ ಘಟ್ಟವನ್ನು ಮೂರು ಹಂತದ ಪರಿಸರ ಸೂಕ್ಷ್ಮ ವಲಯಗಳಾಗಿ ಕಂಡರು. ಎಲ್ಲಿ ಏನು ಬೇಕು, ಏನು ಬೇಡ ಎಂಬ ಚರ್ಚೆ ಗ್ರಾಮಸಭೆಯಿಂದ ಮೇಲಕ್ಕೆ ಬರಲಿ ಎಂದರು. ಕಸ್ತೂರಿರಂಗನ್ ತಂಡ ಉಪಗ್ರಹ ಚಿತ್ರದಲ್ಲಿ ಸಹಜ ಕಾಡನ್ನೂ ಜನವಸತಿ, ತೋಟ, ಗದ್ದೆಗಳ ನೆಲವನ್ನೂ ಬೇರ್ಪಡಿಸಿ, ಘಟ್ಟದ ಸುಮಾರು ಶೇ 37ರಷ್ಟನ್ನು ಸೂಕ್ಷ್ಮ ಪ್ರದೇಶವೆಂದು ಗುರುತಿಸಿತು. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಮೇಲಿನಿಂದ ನೋಡಿದರೆ ಕಾಡು ಎಲ್ಲಿ ಮುಗಿದು ತೋಟ ಎಲ್ಲಿ ಶುರುವಾಗುತ್ತದೆ ಎಂದು ಸ್ಪಷ್ಟವಾಗಿ ಕಾಣುತ್ತದೆ. ಆದರೆ ಅಡಿಕೆ ತೋಟಕ್ಕೆ ಸೊಪ್ಪು ಕೊಡುವ ಬೆಟ್ಟ, ದೇವರಕಾಡು, ತೋಟದೊಳಗೆ ಹುಟ್ಟುವ ಹಳ್ಳ, ಇವು ಆ ಗೆರೆಗೆ ಸಿಗುವುದಿಲ್ಲ.

ಮೂರನೆಯ ನೋಟ ಘಟ್ಟದಲ್ಲಿ ಬದುಕುವವರದು. ಅವರಿಗೆ ವರದಿಗಿಂತ ಮೊದಲು ವರದಿಯ ಭಯ ತಲುಪಿತು. ತೋಟ ಹೋಗುತ್ತದೆ, ಮನೆಗೆ ಹೆಂಚು ಹಾಕಲೂ ಅಪ್ಪಣೆ ಬೇಕಾಗುತ್ತದೆ ಎಂಬ ಮಾತು ಊರೂರಿನಲ್ಲಿ ಹಬ್ಬಿತು. ಕಾನೂನು ಎಂದರೆ ಅರಣ್ಯ ಇಲಾಖೆಯ ನೋಟಿಸು ಎಂದೇ ಅನುಭವವಿರುವ ರೈತ ಹೆದರುವುದರಲ್ಲಿ ತಪ್ಪೇನಿದೆ? 2024ರ ಜುಲೈ ಕೊನೆಗೆ, ವಯನಾಡಿನಲ್ಲಿ ಗುಡ್ಡ ಕುಸಿದು ನೂರಾರು ಜನ ಮಣ್ಣಾದ ಮರುದಿನ, ಕೇಂದ್ರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯನ್ನು ಮತ್ತೊಮ್ಮೆ ಹೊರಡಿಸಿತು. ಸೆಪ್ಟೆಂಬರಿನಲ್ಲಿ ಕರ್ನಾಟಕ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಅದೇ ಜುಲೈನಲ್ಲಿ ನಮ್ಮ ಅಂಕೋಲಾದ ಶಿರೂರಿನಲ್ಲೂ ಗುಡ್ಡ ಹೆದ್ದಾರಿಗೆ ಬಿದ್ದಿತ್ತು. 2018ರಲ್ಲಿ ಕೊಡಗು ಕುಸಿದಿತ್ತು.

ನನಗೆ ಇದು ಬಹಳ ನೋವಿನ ವಿಷಯ. ಮೂರು ನೋಟಗಳೂ ಬೇಕಿತ್ತು. ಉಪಗ್ರಹ ಹೇಳುವುದನ್ನು ಕಾಲುದಾರಿ ಹೇಳಲಾರದು. ಕಾಲುದಾರಿ ಹೇಳುವುದನ್ನು ಉಪಗ್ರಹ ಹೇಳಲಾರದು. ಅಲ್ಲಿ ಬದುಕುವವರ ಒಪ್ಪಿಗೆಯಿಲ್ಲದೆ ಎರಡೂ ಕಾಗದದಲ್ಲೇ ಉಳಿಯುತ್ತವೆ. ಮೂವರನ್ನೂ ಒಂದೇ ಜಮಖಾನದ ಮೇಲೆ ಕೂರಿಸುವ ಕೆಲಸ ನಡೆಯಲಿಲ್ಲ. ಗುಡ್ಡ ಮಾತ್ರ ಯಾರ ತೀರ್ಮಾನಕ್ಕೂ ಕಾಯಲಿಲ್ಲ.

ಕೇಳಬೇಕಾದ ಪ್ರಶ್ನೆಗಳು

ಎಲ್ಲರಿಗೂ ಅವರವರ ನೋಟವಿದೆ, ಆದ್ದರಿಂದ ಯಾವುದೂ ಖಚಿತವಲ್ಲ, ಹವಾಮಾನ ಬದಲಾವಣೆಯೂ ಒಂದು ಅಭಿಪ್ರಾಯವಷ್ಟೇ ಎನ್ನುವವರು ಈಗ ಹೆಚ್ಚಾಗಿದ್ದಾರೆ. ನನ್ನ ಮಾತನ್ನು ದಯವಿಟ್ಟು ಅವರ ಸಾಲಿಗೆ ಸೇರಿಸಬೇಡಿ. ಮೌನಾ ಲೋವಾದ ಅಂಕಿ ಎರ್ಲಿಕ್ ಓದಿದರೂ ಅದೇ, ಸೈಮನ್ ಓದಿದರೂ ಅದೇ. ದೆಹಲಿಯಲ್ಲಿ ಎಷ್ಟು ಜನರಿದ್ದರು ಎಂಬುದು ಎಣಿಸಿ ತಿಳಿಯಬಹುದಾದ ಸಂಗತಿ. ಎರ್ಲಿಕ್ ಎಡವಿದ್ದನ್ನು ನಮಗೆ ತೋರಿಸಿಕೊಟ್ಟದ್ದೂ ಅಂಥ ಎಣಿಕೆಯೇ. ನಿಂತ ನೆಲ ನಮ್ಮ ಕಣ್ಣನ್ನು ಒಂದು ಕಡೆಗೆ ತಿರುಗಿಸುತ್ತದೆ. ಅಳತೆ ಅದನ್ನು ತಿದ್ದುತ್ತದೆ. ಯಾವುದನ್ನು ಅಳೆಯಬೇಕು ಎಂಬುದನ್ನು ಮತ್ತೆ ನಮ್ಮ ಮೌಲ್ಯಗಳೇ ಹೇಳಬೇಕು. ರೋಸ್ಲಿಂಗ್ ಜಗತ್ತಿನ ಸ್ಥಿತಿಯ ಬಗ್ಗೆ ಹನ್ನೆರಡು ಪ್ರಶ್ನೆಗಳನ್ನು ಹಲವು ದೇಶಗಳ ಜನರಿಗೆ ಕೇಳಿದಾಗ ಸರಾಸರಿ ಎರಡಕ್ಕೆ ಮಾತ್ರ ಸರಿಯುತ್ತರ ಬಂದಿತ್ತು. ಕಣ್ಣುಮುಚ್ಚಿ ಗುರುತು ಹಾಕಿದ್ದರೂ ನಾಲ್ಕು ಸರಿಯಾಗುತ್ತಿದ್ದವು. ಅಂದರೆ ಅವರಿಗೆ ವಿಷಯ ಗೊತ್ತಿರಲಿಲ್ಲ ಅನ್ನುವುದಷ್ಟೇ ಅಲ್ಲ, ಹಳೆಯ ನೋಟವೊಂದು ಅವರ ಪರವಾಗಿ ಉತ್ತರಿಸಿತ್ತು.

ಹಾಗಾಗಿ ನಾಳೆ ಹೀಗೇ ಇರುತ್ತದೆ ಎಂದು ಯಾರೇ ಹೇಳಲಿ, ಅವರು ವಿಜ್ಞಾನಿಯಾಗಲಿ, ಮಂತ್ರಿಯಾಗಲಿ, ಕಂಪನಿಯ ಯಜಮಾನರಾಗಲಿ, ಈ ವೇದಿಕೆಯ ಭಾಷಣಕಾರರೇ ಆಗಲಿ, ಮೂರು ಪ್ರಶ್ನೆ ಕೇಳಿ. ನೀವು ಎಲ್ಲಿ ನಿಂತು ನೋಡಿದಿರಿ? ಏನನ್ನು ಅಳೆದಿರಿ, ಏನನ್ನು ಅಳೆಯದೆ ಬಿಟ್ಟಿರಿ? ಈ ನಾಳೆ ಬಂದಾಗ ಅದರೊಳಗೆ ಬದುಕಬೇಕಾದವರನ್ನು ಕೇಳಿದಿರಾ? ಮೊದಲ ಪ್ರಶ್ನೆ ವಿನಯವನ್ನು ಕಲಿಸುತ್ತದೆ. ಎರಡನೆಯದು ಸತ್ಯದ ಹತ್ತಿರ ತರುತ್ತದೆ. ಮೂರನೆಯದು ನ್ಯಾಯ. ಮೂರರಲ್ಲಿ ಒಂದನ್ನೇ ಕೇಳಬಹುದು ಎಂದರೆ ನಾನು ಮೂರನೆಯದನ್ನೇ ಕೇಳುತ್ತೇನೆ. ಏಕೆಂದರೆ ದೆಹಲಿಯ ಬೀದಿಯಲ್ಲಿ ಮಲಗಿದವನನ್ನು, ರಾಮನಗರದ ಹೆಂಗಸನ್ನು, ಘಟ್ಟದ ರೈತನನ್ನು ಕೇಳಿದ್ದರೆ ಆದ ಕೇಡಿನಲ್ಲಿ ಎಷ್ಟೋ ತಪ್ಪುತ್ತಿತ್ತು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ವಿಶ್ವಸಂಸ್ಥೆಯ 2024ರ ಅಂದಾಜಿನಂತೆ ಜಗತ್ತಿನ ಜನಸಂಖ್ಯೆ 2080ರ ದಶಕದ ಮಧ್ಯದಲ್ಲಿ ಸುಮಾರು 1030 ಕೋಟಿಗೆ ಮುಟ್ಟಿ ನಂತರ ಇಳಿಯತೊಡಗುತ್ತದೆ. ಇಂದು ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಕುಳಿತಿರುವ ಮಕ್ಕಳಲ್ಲಿ ಅನೇಕರು ಆ ದಿನವನ್ನು ನೋಡುತ್ತಾರೆ. ಆ ಮಕ್ಕಳಿಗೆ ಭಯವನ್ನೋ ಭರವಸೆಯನ್ನೋ ಸಿದ್ಧಪಾಠವಾಗಿ ಒಪ್ಪಿಸುವ ಬದಲು, ಊರಿನ ಕೆರೆಯ ನೀರನ್ನು ವರ್ಷ ವರ್ಷ ಅಳೆದು ಬರೆದಿಡಲು ಕಲಿಸೋಣ. ಗ್ರಾಮಸಭೆಯಲ್ಲಿ ಆ ಅಳತೆಯನ್ನು ಓದಿಸೋಣ. ಪರಿಸರದ ವರದಿಗಳು ಬಂದ ದಿನವೇ ಕನ್ನಡದಲ್ಲಿ ಪಂಚಾಯಿತಿಗೆ ತಲುಪಬೇಕೆಂದು ಸರ್ಕಾರವನ್ನು ಒತ್ತಾಯಿಸೋಣ. ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ, ಇಲ್ಲಿ ಸೇರಿರುವ ನಾವು ನಮ್ಮ ನಮ್ಮ ಊರಿನಲ್ಲಿ ಆರಂಭಿಸಬಹುದು. ಮನುಷ್ಯಕುಲದ ನಾಳೆಯನ್ನು ಯಾರೋ ಒಬ್ಬರು ಒಂದು ಕಿಟಕಿಯಿಂದ ನೋಡಿ ತೀರ್ಮಾನಿಸುವ ಕಾಲ ಮುಗಿಯಬೇಕು. ಅದನ್ನು ಮುಗಿಸುವ ಹೊಣೆ ನಮ್ಮದು.